ಮೊದಲು ಗೂಡು, ಮತ್ತೆ ಕೋಳಿ

ಪುತ್ತೂರು, ಸುಳ್ಯ, ಕಡಬದ ಕಡೆ ಕೋಳಿ ಸಾಕುವವರ ಲೆಕ್ಕ ತಪ್ಪುವುದು ಹೆಚ್ಚಾಗಿ ಜೂನ್ ತಿಂಗಳಿನಲ್ಲಿ. ದೀಪಾವಳಿ ಕಳೆದ ಮೇಲೆ ಎರಡೋ ಮೂರೋ ಹೇಂಟೆಗಳು ಕಾವಿಗೆ ಕೂತಿರುತ್ತವೆ. ಚಳಿ ಮುಗಿಯುವ ಹೊತ್ತಿಗೆ ಅಂಗಳದ ತುಂಬ ಮರಿಗಳು. ಮಾರ್ಚ್, ಏಪ್ರಿಲ್‌ನಲ್ಲಿ ಅವು ತೋಟವಿಡೀ ಕೆದಕಿ ತಿಂದು ಬೆಳೆಯುತ್ತವೆ. ಸಂಜೆ ಗೂಡಿನಲ್ಲಿ ಜಾಗ ಸಿಗದವು ಹಲಸಿನ ಮರ ಹತ್ತಿ ಕೂರುತ್ತವೆ. ಗೂಡು ಸಾಲದು ಎಂದು ಯಾರಿಗೂ ಅನಿಸುವುದೇ ಇಲ್ಲ. ಯಾರಾದರೂ ಕೇಳಿದರೆ, ‘ಗೂಡು ಎಂತಕ್ಕೆ ಮಾರಾಯ್ರೆ, ಮರ ಇಲ್ವಾ’ ಎಂಬ ಉತ್ತರ ತಯಾರಿರುತ್ತದೆ.

ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಚಿತ್ರವೇ ಬೇರೆ. ನಾಲ್ಕು ದಿನ ಬಿಡದೆ ಹೊಯ್ದರೆ ಮರದ ಮೇಲಿದ್ದವೂ ಕೆಳಗಿಳಿದು ಗೂಡಿಗೆ ನುಗ್ಗುತ್ತವೆ. ಹಗಲು ಹೊರಗೆ ಹೋಗುವಂತಿಲ್ಲ, ಒಳಗೆ ನಿಲ್ಲಲು ಜಾಗವಿಲ್ಲ. ಐದನೇ ದಿನ ಬಾಗಿಲು ತೆಗೆದರೆ ಕಣ್ಣು ಉರಿಸುವ ಘಾಟು, ಕೆಸರಾದ ನೆಲ, ಮೂಲೆಯಲ್ಲಿ ಗರಿ ಕೆದರಿಕೊಂಡು ತೂಕಡಿಸುವ ಎರಡು ಮರಿ. ಆಟಿ ತಿಂಗಳು ಮುಗಿಯುವಾಗ ಮೂವತ್ತು ಇದ್ದದ್ದು ಹತ್ತಕ್ಕೆ ಇಳಿದಿರುತ್ತದೆ. ‘ರೋಗ ಬಂತು’ ಎನ್ನುತ್ತಾರೆ. ರೋಗ ಬಂದದ್ದು ನಿಜ. ಆದರೆ ಅದಕ್ಕೆ ಬಾಗಿಲು ತೆರೆದುಕೊಟ್ಟದ್ದು ಗೂಡಿನ ಅಳತೆ.

ಈ ಮೂರು ತಾಲೂಕುಗಳಲ್ಲಿ ವರ್ಷಕ್ಕೆ ಬೀಳುವ ಮಳೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಬಿಡುತ್ತದೆ. ಹಿತ್ತಲ ಕೋಳಿ ಸಾಕಣೆಯ ಪುಸ್ತಕಗಳು ಹೇಳುವ ಅಳತೆ ಹೆಚ್ಚಾಗಿ ಹಗಲು ಹೊರಗೆ ಮೇಯ್ದು ರಾತ್ರಿ ಒಳಗೆ ಮಲಗುವ ಕೋಳಿಗೆ. ಅದಕ್ಕೆ ಒಂದು, ಒಂದೂವರೆ ಚದರ ಅಡಿ ಸಾಕು. ನಮ್ಮಲ್ಲಿ ವರ್ಷದ ನಾಲ್ಕು ತಿಂಗಳು ಕೋಳಿ ಹಗಲೂ ಸೂರಿನಡಿಯೇ ಇರಬೇಕು. ಹಾಗಾಗಿ ಇಲ್ಲಿ ಎಷ್ಟು ಕೋಳಿ ಸಾಕಬಹುದು ಎಂಬುದನ್ನು ಬೇಸಿಗೆಯ ತೋಟ ನೋಡಿ ತೀರ್ಮಾನಿಸಬಾರದು, ಆಟಿಯ ಗೂಡು ನೋಡಿ ತೀರ್ಮಾನಿಸಬೇಕು. ಈ ಲೇಖನದಲ್ಲಿ ಹೇಳಲಿಕ್ಕೆ ಇರುವುದು ಹೆಚ್ಚುಕಡಿಮೆ ಇಷ್ಟೇ. ಉಳಿದದ್ದು ಅದರ ವಿವರ.

ಲೆಕ್ಕ ಹೀಗೆ. ಮನೆಯಲ್ಲಿ ಮೂರು ಹೇಂಟೆ, ಒಂದು ಹುಂಜ. ಒಂದೊಂದು ಹೇಂಟೆಗೆ ಹನ್ನೆರಡು ಮೊಟ್ಟೆ ಇಟ್ಟರೆ ಒಂಬತ್ತು ಒಡೆದು ಮರಿಯಾದರೆ ಒಳ್ಳೆಯ ಫಲ. ಗಿಡುಗ, ಕಾಗೆ, ಕೀರಿಗಳ ಪಾಲು ಕಳೆದು ಆರು ಉಳಿದವು ಎನ್ನೋಣ. ಹದಿನೆಂಟು ಮರಿ, ನಾಲ್ಕು ದೊಡ್ಡವು, ಒಟ್ಟು ಇಪ್ಪತ್ತೆರಡು. ರಾತ್ರಿ ಮಲಗಲು ಮೂವತ್ತಮೂರು ಚದರ ಅಡಿ, ಅಂದರೆ ಆರು ಅಡಿ ಉದ್ದ ಐದೂವರೆ ಅಡಿ ಅಗಲದ ಗೂಡು. ಮಳೆಗಾಲದ ಹಗಲಿಗೆ ಒಂದಕ್ಕೆ ನಾಲ್ಕು ಅಡಿಯಂತೆ ಎಂಬತ್ತೆಂಟು ಚದರ ಅಡಿಯ ಮಾಡು ಇರುವ ಜಾಗ ಬೇರೆ. ಎರಡು ಹೊತ್ತು ಕಾವಿಗೆ ಕೂರಿಸಿದಿರೋ, ಈ ಲೆಕ್ಕ ಹೆಚ್ಚುಕಡಿಮೆ ದುಪ್ಪಟ್ಟು. ಮರಿ ಮಾಡಿಸುವ ಉತ್ಸಾಹದಲ್ಲಿ ಈ ಎಂಬತ್ತೆಂಟು ಅಡಿ ಯಾರ ನೆನಪಿಗೂ ಬರುವುದಿಲ್ಲ. ಉಳಿದ ಹದಿನೆಂಟರಲ್ಲಿ ಅರ್ಧ ಹುಂಜಗಳೆಂಬುದೂ ಬರುವುದಿಲ್ಲ. ಆರು ತಿಂಗಳು ತುಂಬಿದ ಹುಂಜಗಳು ಒಂದೇ ಗೂಡಿನಲ್ಲಿ ಒಂಬತ್ತು ಇದ್ದರೆ ಏನಾಗುತ್ತದೆ ಎಂದು ತುಳುನಾಡಿನವರಿಗೆ ವಿವರಿಸುವ ಅಗತ್ಯವಿಲ್ಲ.

ಯಾವ ಕೋಳಿ ಎಂಬ ಪ್ರಶ್ನೆಗೆ ಬರೋಣ. ಇಲ್ಲಿನ ಅಂಗಡಿಗಳಲ್ಲಿ ಕೋಳಿಗೆ ಮೂರು ದರ: ಬ್ರಾಯ್ಲರ್, ಟೈಸನ್, ಊರ ಕೋಳಿ. ಟೈಸನ್ ಎಂದರೆ ಬಣ್ಣದ ಗರಿಯ, ಫಾರ್ಮಿನಲ್ಲಿ ಬೆಳೆದ ಕೋಳಿ. ಬೆಲೆಯಲ್ಲಿ ನಡುವಿನದು. ಊರ ಕೋಳಿಯ ಬೆಲೆ ಯಾವತ್ತೂ ಮೇಲೆಯೇ. ಕೋರಿ ರೊಟ್ಟಿಗೆ ಯಾವುದಾದರೂ ಆದೀತು. ಆದರೆ ಅಗೇಲಿಗೆ, ತಂಬಿಲಕ್ಕೆ, ದೈವಕ್ಕೆ ಹೇಳಿಕೊಂಡ ಹರಕೆಗೆ ಊರ ಕೋಳಿಯೇ ಆಗಬೇಕು. ಕೆಲವು ಕಡೆ ಬಣ್ಣವೂ ಹೇಳಿದ್ದೇ ಆಗಬೇಕು. ಬೊಳ್ಳೆ, ಕೆಮ್ಮೈರೆ, ಕುಪ್ಪುಳೆ ಎಂದು ಗರಿಯ ಬಣ್ಣಕ್ಕೊಂದು ತುಳು ಹೆಸರಿಟ್ಟು, ಯಾವ ದಿನ ಯಾವ ಬಣ್ಣಕ್ಕೆ ಬಲ ಎಂದು ಕುಕ್ಕುಟ ಪಂಚಾಂಗ ನೋಡುವವರ ನಾಡು ಇದು. ಪ್ರಾಣಿಗಳನ್ನು ಕಾದಾಡಿಸುವುದನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ನಿಷೇಧಿಸಿದೆ. ಆದರೂ ಕೋಳಿ ಅಂಕದ ಆಸೆಗೆ ಹುಂಜ ಸಾಕುವವರು ಇದ್ದಾರೆ, ಪೊಲೀಸರು ಬಂದಾಗ ಓಡುವವರೂ ಇದ್ದಾರೆ. ಆ ವಿಷಯ ಇಲ್ಲಿ ಬೇಡ.

ಊರ ಕೋಳಿ ವರ್ಷಕ್ಕೆ ಇಡುವುದು ಐವತ್ತರಿಂದ ಎಪ್ಪತ್ತು ಮೊಟ್ಟೆ. ಹನ್ನೆರಡು ಹದಿನೈದು ಇಟ್ಟು ನಿಲ್ಲಿಸುತ್ತದೆ, ಕಾವಿಗೆ ಕೂರುತ್ತದೆ, ಮರಿಗಳನ್ನು ಎರಡು ತಿಂಗಳು ತಿರುಗಿಸುತ್ತದೆ, ಮತ್ತೆ ಇಡುತ್ತದೆ. ಇದು ಕಡಿಮೆಯಾಯಿತೆಂದೇ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು 1989ರಲ್ಲಿ ಗಿರಿರಾಜ ತಳಿ ಕೊಟ್ಟರು. ಹಿತ್ತಲಲ್ಲಿ ಮೇಯ್ದುಕೊಂಡು ವರ್ಷಕ್ಕೆ ನೂರನಲ್ವತ್ತರ ಮೇಲೆ ಮೊಟ್ಟೆ ಇಡುವ, ಮೂರು ಕೆ.ಜಿ. ದಾಟಿ ತೂಗುವ ಬಣ್ಣದ ಕೋಳಿ. 2005ರಲ್ಲಿ ಸ್ವರ್ಣಧಾರ ಬಂತು, ಮೊಟ್ಟೆ ಇನ್ನೂ ಹೆಚ್ಚು. ಹೈದರಾಬಾದಿನಿಂದ ವನರಾಜ, ಗ್ರಾಮಪ್ರಿಯ, ಹೆಸರಘಟ್ಟದ ಕೇಂದ್ರ ಕುಕ್ಕುಟ ಸಂಸ್ಥೆಯಿಂದ ಕಾವೇರಿ. ಎಲ್ಲವೂ ಒಳ್ಳೆಯವೇ. ಆದರೆ ಈ ಹೇಂಟೆಗಳು ಕಾವಿಗೆ ಕೂರುವುದಿಲ್ಲ. ಹೆಚ್ಚು ಮೊಟ್ಟೆಗಾಗಿ ಆರಿಸುತ್ತ ಹೋದಾಗ ಕಾವಿನ ಗುಣವೇ ಕಳಚಿಹೋಗಿದೆ. ಜೊತೆಗೆ ಇವು ಎರಡು ಮೂರು ಸಾಲು ಕೂಡಿಸಿ ಮಾಡಿದ ಮಿಶ್ರ ತಳಿಗಳು. ಮನೆಯಲ್ಲೇ ಗಿರಿರಾಜ ಹುಂಜ, ಗಿರಿರಾಜ ಹೇಂಟೆ ಸೇರಿಸಿ ಮರಿ ಮಾಡಿಸಿದರೆ ಮುಂದಿನ ಪೀಳಿಗೆಯಲ್ಲಿ ಒಂದು ಹಾಗೆ, ಒಂದು ಹೀಗೆ. ಮೊಟ್ಟೆಗೆ ಸಾಕುವವರು ಪ್ರತಿ ಸಲವೂ ಮರಿ ತರಿಸುವುದೇ ವಾಸಿ. ಮನೆಯಲ್ಲೇ ಸಂತಾನ ಮುಂದುವರಿಯಬೇಕು ಎನ್ನುವವರಿಗೆ ಊರ ಕೋಳಿಯೇ ಸೈ.

ಗಿರಿರಾಜನ ಮೊಟ್ಟೆಯನ್ನು ಊರ ಕೋಳಿಯ ಅಡಿ ಇಟ್ಟು ಮರಿ ಮಾಡಿಸುವ ರೂಢಿ ಇಲ್ಲಿ ಹಳೆಯದು. ಹಾಗೆ ಮಾಡುವವರು ನೆನಪಿಡಬೇಕಾದದ್ದು, ಆ ಮೊಟ್ಟೆ ದಪ್ಪ. ಹನ್ನೆರಡು ಇಟ್ಟರೆ ಅಂಚಿನವಕ್ಕೆ ಶಾಖ ತಾಗುವುದಿಲ್ಲ. ಎಂಟು, ಹೆಚ್ಚೆಂದರೆ ಒಂಬತ್ತು ಸಾಕು.

ಈ ಸೀಮೆಯಲ್ಲಿ ಕಾವಿಗೆ ಕೂರುವ ಹೇಂಟೆಗೆ ಇನ್ನೊಂದು ಬೆಲೆ ಇದೆ. ಮರಿಗಳಿಗೆ ಮೊದಲ ವಾರ ಮೂವತ್ತೈದು ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಬಲ್ಬು ಹಾಕಿ ಕೊಡಬಹುದು, ಕರೆಂಟು ಇದ್ದರೆ. ಸುಳ್ಯ, ಕಡಬದಲ್ಲಿ ಗಾಳಿ ಮಳೆಗೆ ಒಂದು ಮರ ಬಿದ್ದರೆ ಎಷ್ಟು ದಿನ ಕತ್ತಲು ಎಂದು ಇಲ್ಲಿಯವರಿಗೇ ಗೊತ್ತು. ಹೇಂಟೆಯ ರೆಕ್ಕೆಯಡಿ ಕರೆಂಟು ಹೋಗುವುದಿಲ್ಲ. ಯಂತ್ರದಲ್ಲಿ ಮರಿ ಮಾಡಿಸಿದವರು ಮಣ್ಣಿನ ಮಡಕೆಯಲ್ಲಿ ಕೆಂಡ ಹಾಕಿ, ಮೇಲೆ ತಗಡು ಮುಚ್ಚಿ ನಡುವೆ ಇಡುವುದನ್ನಾದರೂ ಕಲಿತಿರಬೇಕು. ಹೊಗೆ ಒಳಗೆ ಕಟ್ಟದಂತೆ ನೋಡಿಕೊಂಡರಾಯಿತು.

ಕಾವಿಗೆ ಇಡುವ ಮೊಟ್ಟೆ ವಾರಕ್ಕಿಂತ ಹಳೆಯದಾಗಬಾರದು, ಸೆಕೆಗಾಲದಲ್ಲಿ ನಾಲ್ಕೈದು ದಿನವೇ ಹೆಚ್ಚು. ಚೂಪು ತುದಿ ಕೆಳಗೆ ಮಾಡಿ ತಂಪಿನಲ್ಲಿಡಬೇಕು. ಫ್ರಿಜ್ಜಿನಲ್ಲಿ ಇಟ್ಟದ್ದು ಬೇಡ. ಏಳನೇ ರಾತ್ರಿ ಟಾರ್ಚಿನ ಬೆಳಕಿಗೆ ಹಿಡಿದರೆ ಒಳಗೆ ಕೆಂಪು ನರಗಳು ಜೇಡನ ಕಾಲಿನಂತೆ ಹರಡಿರುವುದು ಕಾಣುತ್ತದೆ. ಏನೂ ಕಾಣದ ಮೊಟ್ಟೆಯನ್ನು ತೆಗೆದುಬಿಡಿ. ಇಪ್ಪತ್ತೊಂದನೇ ದಿನಕ್ಕೆ ಮರಿ. ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ಬುಟ್ಟಿಯೊಳಗೆ ಕಬ್ಬಿಣದ ಚೂರು, ಇದ್ದಿಲ ತುಂಡು ಇಡುವ ಕ್ರಮ ಇದೆ. ಇಟ್ಟರೆ ನಷ್ಟವಿಲ್ಲ. ಆದರೆ ಮೇ ತಿಂಗಳ ಗುಡುಗಿನಲ್ಲಿ ಕೆಟ್ಟ ಮೊಟ್ಟೆಗಳಲ್ಲಿ ಹೆಚ್ಚಿನವು ಸೆಕೆಗೆ ಹಳಸಿದವು, ಇಲ್ಲವೇ ಹುಂಜದ ಬಲವಿಲ್ಲದವು. ಮೊಟ್ಟೆ ಒಡೆಯುವ ದಿನ ಇದಕ್ಕಿಂತ ದೊಡ್ಡ ಶತ್ರು ಇರುವೆ. ಚಿಪ್ಪು ಬಿರಿದ ವಾಸನೆಗೆ ಕೆಂಪಿರುವೆ ಸಾಲುಗಟ್ಟಿ ಬಂದು, ಹೊರಬರಲು ಒದ್ದಾಡುವ ಮರಿಯನ್ನು ಜೀವಂತ ತಿನ್ನುತ್ತದೆ. ಕಾವಿನ ಬುಟ್ಟಿಯನ್ನು ನಾಲ್ಕು ಕಾಲಿನ ಸ್ಟೂಲಿನ ಮೇಲಿಟ್ಟು, ಕಾಲುಗಳನ್ನು ನೀರಿನ ಗೆರಟೆಯಲ್ಲಿ ನಿಲ್ಲಿಸಿದರೆ ಆ ಭಯ ಮುಗಿಯಿತು.

ಇನ್ನು ಗೂಡು. ಕೋಳಿಯನ್ನು ಕೇಳಿ ಮಸಾಲೆ ಅರೆಯುವುದಿಲ್ಲ, ನಿಜ. ಗೂಡು ಕಟ್ಟುವಾಗಲಾದರೂ ಕೇಳಬೇಕು. ಹಳೆಯ ಮನೆಗಳಲ್ಲಿ ಹಟ್ಟಿಗೆ ತಾಗಿಸಿ ಕೆಂಪು ಕಲ್ಲಿನಲ್ಲಿ ಕಟ್ಟಿದ ಗೂಡು ಈಗಲೂ ಕಾಣಸಿಗುತ್ತದೆ. ನೆಲಮಟ್ಟಕ್ಕೆ ಒಂದು ಮೊಳದ ಬಾಗಿಲು, ಅದಕ್ಕೆ ಮರದ ಹಲಗೆ, ಹಲಗೆಗೆ ಒಂದು ಕಲ್ಲು ಆನಿಸಿದರೆ ಬೀಗ. ಕಿಟಕಿ ಇಲ್ಲ. ನರಿ, ಕಾಡುಬೆಕ್ಕುಗಳಿಂದ ಭದ್ರ. ನಾಲ್ಕೈದು ಕೋಳಿಗೆ, ರಾತ್ರಿ ಮಾತ್ರಕ್ಕೆ, ಅದು ಸರಿಯಾದ ಗೂಡೇ. ಅದರೊಳಗೆ ಹದಿನೈದು ತುಂಬಿ ಮಳೆಗಾಲ ಕಳೆಯುತ್ತೇವೆಂದರೆ ಆಗದು. ಒಂದು ದೊಡ್ಡ ಕೋಳಿ ದಿನಕ್ಕೆ ಸುಮಾರು ನೂರು ಗ್ರಾಂ ಹಸಿ ಹಿಕ್ಕೆ ಹಾಕುತ್ತದೆ. ಗಾಳಿಯಾಡದ ಕಡೆ ಅದರಿಂದ ಏಳುವ ಅಮೋನಿಯ ಮೊದಲು ಕಣ್ಣು, ಆಮೇಲೆ ಶ್ವಾಸ ಕೆಡಿಸುತ್ತದೆ.

ನಮ್ಮ ಮಳೆಗೆ ಹೊಂದುವುದು ಕಾಲಿನ ಮೇಲೆ ನಿಂತ ಗೂಡು. ನೆಲದಿಂದ ಮೂರಡಿ ಎತ್ತರ. ತಳಕ್ಕೆ ಅಡಿಕೆ ಮರದ ದಬ್ಬೆ, ಬೆರಳು ಹೋಗುವಷ್ಟು ಸಂದು ಬಿಟ್ಟು ಹೊಡೆದದ್ದು. ಹಿಕ್ಕೆ ಕೆಳಗೆ ಬೀಳುತ್ತದೆ, ಕೋಳಿಯ ಕಾಲು ಒಣಗಿರುತ್ತದೆ. ಹಳದಿ ಎಲೆ ರೋಗಕ್ಕೆ ತೋಟ ಕಳೆದುಕೊಂಡ ಸಂಪಾಜೆ, ಅರಂತೋಡು, ತೊಡಿಕಾನದ ಕಡೆ ಕಡಿದ ಅಡಿಕೆ ಮರಕ್ಕೆ ಬರವಿಲ್ಲ. ದಬ್ಬೆ ಸೀಳುವಾಗ ಒಳಗಿನ ಮೆದು ತಿರುಳನ್ನು ಪೂರ್ತಿ ಕೆತ್ತಿ ತೆಗೆಯಬೇಕು. ಅದು ಉಳಿದರೆ ನೀರು ಹೀರಿ ಒಂದೇ ಮಳೆಗೆ ಕುಂಬಾಗುತ್ತದೆ. ಅಂಚಿನ ಸಿಬಿರನ್ನು ಕತ್ತಿಯ ಬೆನ್ನಿನಿಂದ ಉಜ್ಜದಿದ್ದರೆ ಕೋಳಿಯ ಪಾದಕ್ಕೆ ಚುಚ್ಚಿ ಗಂಟು ಕಟ್ಟುತ್ತದೆ. ಆರು ವಾರದೊಳಗಿನ ಮರಿಗಳಿಗೆ ಈ ಸಂದಿನ ತಳ ಆಗದು, ಕಾಲು ಸಿಕ್ಕಿಕೊಳ್ಳುತ್ತದೆ. ಅವಕ್ಕೆ ಹಲಗೆ ಹಾಸಿ, ಮರದ ಹುಡಿ ಹರಡಿದ ಬೇರೆಯೇ ಕೋಣೆ ಬೇಕು. ಭತ್ತದ ಉಮಿ ಹಿಂದೆ ಮನೆಯಲ್ಲೇ ಸಿಗುತ್ತಿತ್ತು, ಈಗ ಗದ್ದೆಯೇ ತೋಟವಾಗಿರುವುದರಿಂದ ಅದನ್ನೂ ಕೊಂಡು ತರಬೇಕು. ಮರದ ಮಿಲ್ಲಿನ ಹುಡಿ ಅಗ್ಗ. ದಿನಕ್ಕೊಮ್ಮೆ ಕೆದಕಿ, ಒದ್ದೆಯಾದಲ್ಲಿ ಸ್ವಲ್ಪ ಸುಣ್ಣ ಬೆರೆಸಿದರೆ ತಿಂಗಳು ನಿಭಾಯಿಸಬಹುದು. ರಕ್ತಭೇದಿ ತರುವ ರೋಗಾಣು ಒದ್ದೆಯಲ್ಲೇ ಬಲಿಯುವುದು. ಒಣ ಹಾಸಿನಲ್ಲಿ ಅದರ ಆಟ ನಡೆಯದು.

ಮಾಡಿಗೆ ತಗಡಿಗಿಂತ ಹೆಂಚು ಮೇಲು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ನಮ್ಮ ಮನೆಗಳಿಗೆಲ್ಲ ಅದೇ ಮಾಡು. ಈಗ ತಾರಸಿ ಮನೆ ಕಟ್ಟುವವರು ಇಳಿಸಿ ರಾಶಿ ಹಾಕಿದ ಹಳೆ ಹೆಂಚು ಕೇಳಿದರೆ ಸಿಗುತ್ತದೆ. ಏಪ್ರಿಲ್ ಮಧ್ಯಾಹ್ನ ತಗಡಿನಡಿ ಬಾಯಿ ತೆರೆದು ಏದುಸಿರು ಬಿಡುವ ಕೋಳಿ ಹೆಂಚಿನಡಿ ಸುಮ್ಮನೆ ಕೂತಿರುತ್ತದೆ. ಹೆಂಚು ತಗಡಿಗಿಂತ ಭಾರ, ಅದಕ್ಕೆ ಸರಿಯಾದ ಪಕ್ಕಾಸು ರೀಪು ಬೇಕು. ಮಾಡಿನ ಚಾಚು ಸುತ್ತಲೂ ಮೂರಡಿ ಇಳಿದಿರಲಿ, ಮಳೆಯ ಇರಚಲು ಒಳಗೆ ಬರಬಾರದು. ಗೂಡಿನ ಉದ್ದ ಪೂರ್ವ ಪಶ್ಚಿಮಕ್ಕಿದ್ದರೆ ಬೇಸಿಗೆಯ ಬಿಸಿಲು ನೇರ ಹೊಡೆಯುವುದಿಲ್ಲ. ಗಾಳಿ ಮಳೆ ಬರುವುದು ನೈಋತ್ಯದಿಂದ. ಆದ್ದರಿಂದ ಪಶ್ಚಿಮದ ಗೋಡೆ ಮುಚ್ಚಿರಲಿ, ದಕ್ಷಿಣಕ್ಕೆ ಗೋಣಿಯ ಪರದೆ ಇರಲಿ. ಜನ ಮಾಡುವ ಸಾಮಾನ್ಯ ತಪ್ಪೆಂದರೆ ಜೂನ್ ಬಂತೆಂದು ನಾಲ್ಕೂ ಬದಿಗೆ ಟರ್ಪಾಲು ಸುತ್ತುವುದು. ಕೋಳಿಗೆ ಚಳಿಯಾಗುತ್ತದೆ ಎಂಬ ಕರುಣೆ ಅದು. ಗರಿ ಒಣಗಿದ್ದರೆ ನಮ್ಮ ಊರಿನ ಚಳಿ ಕೋಳಿಗೆ ಏನೂ ಅಲ್ಲ. ಉಸಿರು ಕಟ್ಟುವುದೇ ಅಪಾಯ. ಮೇಲಿನ ಒಂದಡಿ ಯಾವತ್ತೂ ತೆರೆದಿರಬೇಕು.

ಬಲೆಯ ವಿಷಯದಲ್ಲಿ ಜಿಪುಣತನ ಬೇಡ. ಅಂಗಡಿಯಲ್ಲಿ ಕೋಳಿ ಬಲೆ ಎಂದೇ ಮಾರುವ ಆರು ಮೂಲೆಯ ತೆಳು ತಂತಿ ಕೋಳಿಯನ್ನು ಒಳಗೆ ಇಡುತ್ತದೆ, ಆದರೆ ನಾಯಿಯನ್ನು ಹೊರಗೆ ಇಡುವುದಿಲ್ಲ. ನಾಯಿ ಒಂದೇ ಎಳೆತಕ್ಕೆ ಹರಿಯುತ್ತದೆ. ಕೀರಿ ಅಂಗೈ ಅಗಲದ ಸಂದಿನಲ್ಲಿ ನುಸುಳಿ, ಒಂದನ್ನು ತಿನ್ನಲು ಬಂದು ಸಿಕ್ಕಿದ್ದಷ್ಟನ್ನೂ ಕಚ್ಚಿ ಕೊಂದು ಹೋಗುತ್ತದೆ. ಹೆಬ್ಬಾವಿನದ್ದು ಮತ್ತೊಂದು ರೀತಿ. ರಾತ್ರಿ ಎಲ್ಲಿಂದಲೋ ತೂರಿ ಬರುತ್ತದೆ, ಕೋಳಿ ನುಂಗುತ್ತದೆ, ಹೊಟ್ಟೆ ಉಬ್ಬಿ ಬಂದ ದಾರಿಯಲ್ಲಿ ಹೊರಗೆ ಹೋಗಲಾರದೆ ಬೆಳಿಗ್ಗೆ ಗೂಡಿನಲ್ಲೇ ಸುರುಳಿ ಸುತ್ತಿ ಮಲಗಿರುತ್ತದೆ. ಹಾವು ಹಿಡಿಯುವವರಿಗೆ ಫೋನು, ನೆರೆಯವರೆಲ್ಲ ಮೊಬೈಲು ಹಿಡಿದು ಹಾಜರು. ಅದನ್ನು ಹೊಡೆಯುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ, ಹೊಡೆಯಬಾರದು ಕೂಡ. ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿದರೆ ಇಷ್ಟೂ ಜನರಿಂದ ರಕ್ಷಣೆ. ದುಡ್ಡು ಸಾಲದಿದ್ದರೆ ಕೆಳಗಿನ ಮೂರಡಿಗಾದರೂ, ಬಾಗಿಲಿಗಾದರೂ ಅದು ಇರಲಿ. ಅರಣ್ಯದ ಅಂಚಿನಲ್ಲಿರುವ ಸುಬ್ರಹ್ಮಣ್ಯ, ಕೊಲ್ಲಮೊಗ್ರು ಕಡೆಯವರಿಗೆ ಈ ಮಾತು ಇನ್ನಷ್ಟು ಗಟ್ಟಿಯಾಗಿ ಹೇಳಬೇಕು.

ಒಳಗೆ ಕೂರುವ ಕೋಲು ಬೇಕೇ ಬೇಕು. ಊರ ಕೋಳಿ ಎತ್ತರ ಬಯಸುತ್ತದೆ, ಮೂರಡಿ ಮೇಲಿದ್ದರೂ ಹಾರುತ್ತದೆ. ಗಿರಿರಾಜನ ತೂಕಕ್ಕೆ ಒಂದೂವರೆ ಅಡಿಗಿಂತ ಮೇಲೆ ಬೇಡ, ಇಳಿಯುವಾಗ ಕಾಲು ಉಳುಕುತ್ತದೆ. ಮೊಟ್ಟೆ ಇಡಲು ಐದು ಹೇಂಟೆಗೊಂದು ಡಬ್ಬ, ಮಬ್ಬುಗತ್ತಲ ಮೂಲೆಯಲ್ಲಿ.

ಆ ಎಂಬತ್ತೆಂಟು ಚದರ ಅಡಿಯ ಹಗಲಿನ ಜಾಗಕ್ಕೆ ಹೊಸ ಕಟ್ಟಡ ಬೇಕೆಂದಿಲ್ಲ. ಖಾಲಿ ಬಿದ್ದ ಹಟ್ಟಿ ಎಷ್ಟೋ ಮನೆಗಳಲ್ಲಿದೆ, ದನ ಹೋಗಿ ವರ್ಷಗಳಾಗಿವೆ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡು ಮಳೆಗಾಲದಲ್ಲಿ ಖಾಲಿಯೇ. ಬಲೆ ಕಟ್ಟಿ ಕೋಳಿಗೆ ಬಿಟ್ಟುಕೊಟ್ಟು, ಕೊಯ್ಲಿಗೆ ಮೊದಲು ತೊಳೆದು ಒಣಗಿಸಿದರೆ ಎರಡೂ ಕೆಲಸಕ್ಕೆ ಆದೀತು. ಅಡಿಕೆಯ ಯಜಮಾನರ ಒಪ್ಪಿಗೆ ಪಡೆಯುವ ಜವಾಬ್ದಾರಿ ಮಾತ್ರ ಓದುಗರದ್ದು.

ರೋಗದ ಮಾತು ಬಿಟ್ಟು ಗೂಡಿನ ಮಾತು ಮುಗಿಯದು. ಕೊಕ್ಕರೆ ರೋಗಕ್ಕೆ ಹೊರಗಿನವರು ರಾಣಿಖೇತ್ ಎನ್ನುತ್ತಾರೆ. 1927ರಲ್ಲಿ ಹಿಮಾಲಯದ ತಪ್ಪಲಿನ ಆ ಊರಿನಲ್ಲಿ ಗುರುತಿಸಿದ ರೋಗ. ಬಂದರೆ ಗೂಡಿಗೆ ಗೂಡೇ ಖಾಲಿ. ಔಷಧ ಇಲ್ಲ, ಲಸಿಕೆ ಇದೆ. ಐದರಿಂದ ಏಳನೇ ದಿನಕ್ಕೆ ಕಣ್ಣಿಗೋ ಮೂಗಿಗೋ ಒಂದು ಹನಿ ಲಸೋಟ, ಹದಿನಾಲ್ಕನೇ ದಿನಕ್ಕೆ ಗುಂಬೊರೊ ಎಂಬ ಇನ್ನೊಂದು ರೋಗದ ಲಸಿಕೆ, ನಾಲ್ಕನೇ ವಾರಕ್ಕೆ ಮತ್ತೆ ಲಸೋಟ, ಎಂಟು ವಾರ ಕಳೆದ ಮೇಲೆ ಆರ್2ಬಿ ಚುಚ್ಚುಮದ್ದು. ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯೇ ಕೊಕ್ಕರೆ ರೋಗದ ಲಸಿಕೆ ತಯಾರಿಸುತ್ತದೆ, ಬೆಲೆಯೂ ದೊಡ್ಡದಲ್ಲ. ತೊಡಕು ಇರುವುದು ಸೀಸೆಯಲ್ಲಿ. ಒಂದು ಸೀಸೆಯಲ್ಲಿ ನೂರು ಕೋಳಿಗೋ ಅದಕ್ಕಿಂತ ಹೆಚ್ಚಿಗೋ ಆಗುವಷ್ಟು ಲಸಿಕೆ. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಹಾಕಿ ಮುಗಿಸಬೇಕು, ಅಲ್ಲಿಯವರೆಗೆ ಮಂಜುಗಡ್ಡೆಯಲ್ಲಿರಬೇಕು. ಹತ್ತು ಕೋಳಿ ಇರುವವನು ನೂರರ ಸೀಸೆ ಒಡೆಯಲು ಹಿಂಜರಿಯುತ್ತಾನೆ, ಕೋಳಿ ಸಾಯುತ್ತದೆ. ನಮ್ಮ ಊರುಗಳಲ್ಲಿ ಮನೆಗಳು ತೋಟದ ನಡುವೆ ಒಂದೊಂದೇ ದೂರ ದೂರ ಇರುವುದು ಈ ಕೆಲಸಕ್ಕೆ ಅಡ್ಡಿ. ಸ್ವಸಹಾಯ ಸಂಘದ ವಾರದ ಸಭೆಗೆ ಬರುವ ಹೆಂಗಸರು ಒಂದೇ ದಿನ ಗೊತ್ತು ಮಾಡಿಕೊಂಡರೆ ಸೀಸೆಯೂ ವ್ಯರ್ಥವಾಗದು, ಕೋಳಿಯೂ ಉಳಿಯುತ್ತದೆ.

ಹುಂಜ ಬದಲಿಸುವುದನ್ನೂ ಅದೇ ಸಭೆಯಲ್ಲಿ ಮಾಡಬಹುದು. ಒಂದು ಹುಂಜ ಎಂಟು ಹತ್ತು ಹೇಂಟೆಗೆ ಸಾಕು. ಆದರೆ ಅದೇ ಹುಂಜ, ಅದರ ಮಗ, ಮೊಮ್ಮಗ ಎಂದು ಅದೇ ಗೂಡಿನಲ್ಲಿ ಮುಂದುವರಿದರೆ ಮರಿ ಕಡಿಮೆಯಾಗುತ್ತದೆ, ಹುಟ್ಟಿದವೂ ಬಡಕಲು. ವರ್ಷಕ್ಕೊಮ್ಮೆ ದೂರದ ಮನೆಯ ಹುಂಜದೊಡನೆ ಅದಲುಬದಲು ಮಾಡಿ. ಸಂತೆಯಿಂದ ತಂದ ಹುಂಜವಾದರೆ ಹದಿನೈದು ಇಪ್ಪತ್ತು ದಿನ ಬೇರೆ ಬುಟ್ಟಿಯಲ್ಲಿರಲಿ, ಕೊಕ್ಕರೆ ರೋಗ ಊರಿಗೆ ಬರುವ ದಾರಿಗಳಲ್ಲಿ ಸಂತೆಯೂ ಒಂದು. ನೆರೆಯ ತಲಶ್ಶೇರಿಯ ಕೋಳಿಗೆ ರಾಷ್ಟ್ರೀಯ ತಳಿ ಪಟ್ಟಿಯಲ್ಲಿ ಹೆಸರಿದೆ, ನಮ್ಮ ಊರ ಕೋಳಿಗೆ ಆ ಗೌರವ ಸಿಕ್ಕಿಲ್ಲ. ಹಾಗೆಂದು ಅದರ ವಂಶ ಸಣ್ಣದಲ್ಲ. ಸಾಕುಕೋಳಿಯ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಆದರೆ ಜಗತ್ತಿನ ಕೋಟ್ಯಂತರ ಕೋಳಿಗಳ ಹಳದಿ ಕಾಲಿನ ಗುಣ ಬಂದದ್ದು ಪಶ್ಚಿಮ ಘಟ್ಟದ ಬೂದು ಕಾಡುಕೋಳಿಯಿಂದ ಎಂದು ಸ್ವೀಡನ್ನಿನ ಉಪ್ಸಲ ವಿಶ್ವವಿದ್ಯಾಲಯದ ವಿಜ್ಞಾನಿಗಳು 2008ರಲ್ಲಿ ತೋರಿಸಿದರು. ಕುಮಾರ ಪರ್ವತದ ತಪ್ಪಲಿನಲ್ಲಿ ಬೆಳಿಗ್ಗೆ ಕೂಗುವ ಕೋಳಿ ಅದೇ. ಕೆಳಗೆ ಕುಕ್ಕೆಯಲ್ಲಿರುವ ದೇವರ ಧ್ವಜದಲ್ಲೂ ಹುಂಜವೇ.

ಸರಕಾರದ ಕಡೆಯಿಂದ ಏನಿದೆ? 2021ರಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ಜಾನುವಾರು ಮಿಷನ್ ಸಾವಿರ ತಾಯಿಕೋಳಿ ಮತ್ತು ಹ್ಯಾಚರಿ ಮಾಡುವವರಿಗೆ ಅರ್ಧದಷ್ಟು, ಗರಿಷ್ಠ 25 ಲಕ್ಷ ರೂಪಾಯಿ ಸಹಾಯಧನ ಇಟ್ಟಿತು. ಪಶುಸಂಗೋಪನಾ ಇಲಾಖೆ ಗ್ರಾಮೀಣ ಮಹಿಳೆಯರಿಗೆ ಐದಾರು ವಾರದ ಮರಿಗಳನ್ನು ಹಂಚುವುದೂ ಇದೆ. ನರೇಗಾದ ಕಾಮಗಾರಿ ಪಟ್ಟಿಯಲ್ಲಿ ದನದ ಹಟ್ಟಿಯ ಜೊತೆ ಕೋಳಿ ಗೂಡೂ ಸೇರಿತ್ತು. ಇವುಗಳಲ್ಲಿ ಹೆಚ್ಚು ಫೋಟೊ ಬರುವುದು ಮರಿ ಹಂಚುವ ಕಾರ್ಯಕ್ರಮದ್ದು. ಗೂಡು ಇದೆಯೇ ಎಂದು ನೋಡಿ ಮರಿ ಕೊಟ್ಟರೆ ಇಲಾಖೆಯ ದುಡ್ಡಿಗೂ ಅರ್ಥ ಬರುತ್ತಿತ್ತು. ಕಡಬ ತಾಲೂಕಿನ ಕೊಯಿಲದಲ್ಲಿ ಜಾನುವಾರು ಕ್ಷೇತ್ರ ಇದೆ. ಊರ ಕೋಳಿಯ ಒಳ್ಳೆಯ ಹುಂಜಗಳನ್ನು ಆರಿಸಿ ಅಲ್ಲೇ ಬೆಳೆಸಿ ಕೊಡುವ ಕೆಲಸ ಶುರುವಾದರೆ ಮೂರು ತಾಲೂಕಿಗೂ ಉಪಕಾರ.

ಈ ವರ್ಷ ಮರಿ ಮಾಡಿಸುವ ಯೋಚನೆ ಇರುವವರು ಮೊದಲು ಟೇಪು ಹಿಡಿದು ಗೂಡು ಅಳೆಯಿರಿ. ಹತ್ತಕ್ಕೆ ಸಾಲುವ ಗೂಡಾದರೆ ಒಂದೇ ಹೇಂಟೆಗೆ ಮೊಟ್ಟೆ ಇಡಿ. ಉಳಿದವು ಕಾವಿಗೆ ಕೂತರೆ ಗಾಳಿಯಾಡುವ ತಂತಿ ತಳದ ಪಂಜರದಲ್ಲಿ ನಾಲ್ಕು ದಿನ ಇಟ್ಟರೆ ಕಾವು ಇಳಿಯುತ್ತದೆ, ಮೂಗಿಗೆ ಗರಿ ಚುಚ್ಚುವ ಹಿಂಸೆ ಬೇಡ. ಮಾಡಿನ ಕೆಲಸ ಪತ್ತನಾಜೆಗೆ ಮೊದಲು ಮುಗಿಸಿ. ಹುಂಜ ಮರಿಗಳನ್ನು ಮೇ ತಿಂಗಳೊಳಗೆ ಮಾರಿಬಿಡಿ, ಆಗ ದರವೂ ಚೆನ್ನಾಗಿರುತ್ತದೆ, ನೇಮ ಕೋಲಗಳ ಕಾಲ. ಲಸಿಕೆಗೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ದಿನ ಕೇಳಿಕೊಂಡು, ನೆರೆಯ ನಾಲ್ಕು ಮನೆಯವರನ್ನು ಸೇರಿಸಿಕೊಂಡು ಹೋಗಿ. ಐಸ್ ಹಾಕಿದ ಫ್ಲಾಸ್ಕ್ ಮರೆಯಬೇಡಿ.